ಪುಲಿಗೆರೆಯ ಆಚಾರವ್ಯವಸ್ಥೆ

ಊರಾಡಳಿತವೆಂದೊಡನೆ ನಮ್ಮಲ್ಲಿ ಬಹುಮಂದಿಯ ಕಣ್ಣೆದುರಿಗೆ ಬರುವುದು ಪುರಸಭೆಯ ಕಟ್ಟಡ, ಬಾರದ ನಲ್ಲಿಯ ನೀರು, ಬಾಕಿಯುಳಿದ ಮನೆಪಟ್ಟಿ. ಈ ಸಂಸ್ಥೆಯನ್ನು ನಮಗೆ ಕೊಟ್ಟವರು ಆಂಗ್ಲರು, ಲಾರ್ಡ್ ರಿಪನ್ ಅದರ ಪಿತಾಮಹ ಎಂದು ಶಾಲಾಪುಸ್ತಕಗಳಲ್ಲಿ ಓದಿಕೊಂಡು ಬಂದವರು ನಾವು. ಅದು ಸುಳ್ಳಲ್ಲ, ಆದರೆ ಪೂರ್ಣ ಸತ್ಯವೂ ಅಲ್ಲ. ಹಳ್ಳಿಯೂ ಅಲ್ಲದ, ಮಹಾನಗರವೂ ಅಲ್ಲದ, ಸುತ್ತಣ ಸೀಮೆಗೆ ಸಂತೆಯೂ ನ್ಯಾಯಸ್ಥಾನವೂ ಆಗಿರುವ ನಡುಗಾತ್ರದ ಊರು ತನ್ನನ್ನು ತಾನು ಆಳಿಕೊಳ್ಳುವ ಬಗೆ ಹೇಗೆ ಎಂಬ ಪ್ರಶ್ನೆಗೆ ಕನ್ನಡ ನಾಡಿನಲ್ಲಿ, ಕನ್ನಡ ಭಾಷೆಯಲ್ಲಿಯೇ, ಹದಿಮೂರು ಶತಮಾನಗಳ ಹಿಂದೆ ಬರೆದಿಟ್ಟ ಉತ್ತರವೊಂದು ಕಲ್ಲಿನ ಮೇಲೆ ಉಳಿದುಬಂದಿದೆ. ವಾಚಕರು ಸ್ವಲ್ಪ ಹೊತ್ತು ಆ ಕಲ್ಲಿನ ಬಳಿ ನಿಲ್ಲಬೇಕೆಂದು ಪ್ರಾರ್ಥನೆ.

ಆ ಕಲ್ಲು ಇಂದಿನ ಗದಗ ಜಿಲ್ಲೆಯ ಲಕ್ಷ್ಮೇಶ್ವರದ್ದು. ಬಾದಾಮಿ ಚಾಲುಕ್ಯ ವಿಜಯಾದಿತ್ಯನ ಆಳ್ವಿಕೆಯಲ್ಲಿ (ಕ್ರಿ.ಶ. 696-733) ಅವನ ಮಗನಾದ ಯುವರಾಜ ವಿಕ್ರಮಾದಿತ್ಯನು ಈ ಊರಿಗೆ ಕೊಟ್ಟ ಶಾಸನವಿದು. ಮುಂದೆ ಎರಡನೆಯ ವಿಕ್ರಮಾದಿತ್ಯನೆಂಬ ಹೆಸರಿನಿಂದ ಸಿಂಹಾಸನವೇರಿ ಕಂಚಿಯನ್ನು ಗೆದ್ದವನು ಈತನೇ. ಶಾಸನದಲ್ಲಿ ಕಾಲವನ್ನು ಹೇಳಿಲ್ಲವಾದರೂ ವಿದ್ವಾಂಸರು ಅದನ್ನು ಸುಮಾರು 725ಕ್ಕೆ ನಿಲ್ಲಿಸುತ್ತಾರೆ. ಲಯನೆಲ್ ಬಾರ್ನೆಟ್ ಎಂಬ ಆಂಗ್ಲ ವಿದ್ವಾಂಸರು ಎಪಿಗ್ರಾಫಿಯಾ ಇಂಡಿಕಾದ 14ನೆಯ ಸಂಪುಟದಲ್ಲಿ ಇದನ್ನು ಸಂಪಾದಿಸಿ ಪ್ರಕಟಿಸಿದರು. ರಾಜರ ಶಾಸನಗಳೆಂದರೆ ಸಾಮಾನ್ಯವಾಗಿ ವಂಶದ ಹೊಗಳಿಕೆ, ಯುದ್ಧದ ವರ್ಣನೆ, ದೇವಾಲಯಕ್ಕೋ ಬಸದಿಗೋ ಭೂಮಿಯ ದಾನ, ಕೊನೆಯಲ್ಲಿ ಶಾಪಾಶಯ. ಈ ಶಾಸನ ಆ ಜಾತಿಗೆ ಸೇರಿದ್ದಲ್ಲ. ಇಲ್ಲಿ ಅರಸನ ಮಗನು ಒಂದು ಊರಿನೊಡನೆ ಒಡಂಬಡಿಕೆ ಮಾಡಿಕೊಳ್ಳುತ್ತಾನೆ. ಆ ಒಡಂಬಡಿಕೆಗೆ ಶಾಸನವು ಕೊಡುವ ಹೆಸರು ‘ಆಚಾರವ್ಯವಸ್ಥೆ’. ಇಂದಿನ ಮಾತಿನಲ್ಲಿ ಹೇಳುವುದಾದರೆ ಊರಿನ ಸಂವಿಧಾನ.

ಊರಿನ ಪರಿಚಯವನ್ನು ಎರಡು ಮಾತಿನಲ್ಲಿ ಮಾಡಿಕೊಳ್ಳೋಣ. ಶಾಸನದಲ್ಲಿ ಅದರ ಹೆಸರು ಪೊರಿಗೆರೆ. ಪುರಿಗೆರೆ, ಪುಲಿಗೆರೆ, ಹುಲಿಗೆರೆ ಎಂಬವೆಲ್ಲ ಅದರ ರೂಪಾಂತರಗಳು. ಪುಲಿಗೆರೆ ಮುನ್ನೂರು ಎಂಬ ನಾಡಿಗೆ ಇದು ರಾಜಧಾನಿ. ನೆರೆಯ ಬೆಳ್ವೊಲ ಮುನ್ನೂರನ್ನೂ ಇದನ್ನೂ ಜೊತೆಗೂಡಿಸಿ ‘ಎರಡರುನೂರು’ ಎಂದು ಕರೆಯುವ ರೂಢಿ ಶಾಸನಗಳಲ್ಲಿ ಬಳಕೆಗೆ ಬಂತು. ಇಲ್ಲಿಯ ಕನ್ನಡವೇ ತಿರುಳ್ಗನ್ನಡವೆಂಬ ಕೀರ್ತಿ. ಆದಿಕವಿ ಪಂಪನು ತನ್ನ ಕಾವ್ಯದ ಭಾಷೆಗೆ ಈ ಊರನ್ನೇ ಸಾಕ್ಷಿಯಾಗಿ ಹೇಳಿಕೊಂಡಿರುವುದು ಸುವಿದಿತ. ಶಿವಭಕ್ತ ಆದಯ್ಯನ ಚರಿತ್ರೆಯನ್ನು ರಾಘವಾಂಕನ ಸೋಮನಾಥ ಚಾರಿತ್ರದಲ್ಲಿ ಓದಿದವರಿಗೆ ಹುಲಿಗೆರೆಯ ಸೋಮನಾಥನ ನೆಲೆಯನ್ನು ಬೇರೆಯಾಗಿ ಪರಿಚಯಿಸಬೇಕಾಗಿಲ್ಲ. ಅಂದರೆ ವಿವಿಧ ಮತ, ವಿವಿಧ ವೃತ್ತಿ, ವ್ಯಾಪಾರ, ವಿದ್ಯೆಗಳೆಲ್ಲ ಒಂದೆಡೆ ಕಲೆತು ನೆಲಸಿದ್ದ ಊರು ಇದು. ಇಂತಹ ಊರಿಗೇ ಲಿಖಿತ ವ್ಯವಸ್ಥೆಯೊಂದು ಬೇಕಾದುದು ಆಕಸ್ಮಿಕವಲ್ಲ. ಎಲ್ಲರೂ ಒಂದೇ ಮನೆತನದವರಾದ ಹಳ್ಳಿಯಲ್ಲಿ ಬಾಯಿಮಾತು ಸಾಕಾಗುತ್ತದೆ. ಒಬ್ಬರನ್ನೊಬ್ಬರು ಅರಿಯದವರು ಕೂಡಿ ಬಾಳುವಲ್ಲಿ ಬರೆಹ ಬೇಕಾಗುತ್ತದೆ.

ಒಡಂಬಡಿಕೆಯ ಒಂದು ಪಕ್ಷ ಯುವರಾಜ. ಇನ್ನೊಂದು ಪಕ್ಷದಲ್ಲಿ ಯಾರಿದ್ದರೆಂಬುದು ಗಮನಾರ್ಹ. ಮಹಾಜನರು, ನಗರ, ಹದಿನೆಂಟು ಪ್ರಕೃತಿಗಳು ಎಂದು ಮೂರು ಹೆಸರುಗಳು ಬರುತ್ತವೆ. ಮಹಾಜನರೆಂದರೆ ವಿದ್ವಾಂಸರಾದ ಬ್ರಾಹ್ಮಣರ ಸಮೂಹ. ‘ನಗರ’ವೆಂಬುದು ಇಲ್ಲಿ ಊರಿನ ಹೆಸರಲ್ಲ, ವರ್ತಕರ ಸಂಘದ ಹೆಸರು, ಮುಂದಿನ ಶಾಸನಗಳಲ್ಲಿ ಇದೇ ‘ನಖರ’ವಾಗಿ ಕಾಣಿಸಿಕೊಳ್ಳುತ್ತದೆ. ಹದಿನೆಂಟು ಪ್ರಕೃತಿಗಳೆಂದರೆ ಊರಿನ ನಾನಾ ಕಸುಬಿನ ಜನವರ್ಗಗಳು. ಹಳ್ಳಿಗಾಡಿನ ಮುದುಕರ ಬಾಯಲ್ಲಿ ‘ಹದಿನೆಂಟು ಜಾತಿ’ ಎಂಬ ಮಾತನ್ನು ಕೇಳಿದವರಿಗೆ ಇದರ ಅರ್ಥ ತಾನಾಗಿ ಹೊಳೆಯುತ್ತದೆ. ಅರಸುಮನೆತನದವನು ಅಧಿಕಾರಿಯೊಬ್ಬನನ್ನು ಕರೆದು ‘ಈ ಊರನ್ನು ಹೀಗೆ ಆಳು’ ಎಂದು ಆಜ್ಞಾಪಿಸಿದ್ದಲ್ಲ. ಊರನ್ನೇ ಒಂದು ವ್ಯಕ್ತಿಯೆಂಬಂತೆ ಎದುರಿಗೆ ನಿಲ್ಲಿಸಿಕೊಂಡು ಮಾತನಾಡಿದ್ದಾನೆ. ಕಂಚುಗಾರರ ಶ್ರೇಣಿ, ಎಣ್ಣೆ ತೆಗೆಯುವ ತೆಲ್ಲಿಗರ ಶ್ರೇಣಿಗಳ ಉಲ್ಲೇಖವೂ ಇದೇ ಶಾಸನದಲ್ಲಿ ಸಿಗುವುದರಿಂದ, ಕಸುಬುದಾರರು ಬರಿಯ ತೆರಿಗೆ ತೆರುವ ಮಂದಿಯಾಗಿರದೆ ಸಂಘಟಿತರಾಗಿ ಊರಿನ ವ್ಯವಹಾರದಲ್ಲಿ ಸ್ಥಾನ ಪಡೆದಿದ್ದರೆಂದು ತಿಳಿಯಬಹುದು.

ಇನ್ನು ವ್ಯವಸ್ಥೆಯ ಒಡಲು. ಮೊದಲು ಬರುವುದು ಊರಿನ ಕರ್ತವ್ಯವಲ್ಲ, ರಾಜಪುರುಷರ ಕರ್ತವ್ಯ! ಅವರು ಯಾವುದನ್ನು ಕಾಪಾಡಬೇಕೆಂಬ ಪಟ್ಟಿಯನ್ನೇ ಶಾಸನ ಕೊಡುತ್ತದೆ. ಜನರಿಲ್ಲದೆ ಬರಿದಾದ ಮನೆಗಳು, ಅರಸರು ಕೊಟ್ಟ ದತ್ತಿ, ಅರಸರು ಹೊರಡಿಸಿದ ಘೋಷಣೆ, ಸಜ್ಜನರ ಪ್ರಮಾಣವಾಕ್ಯ, ಹಿಂದಿನಿಂದ ಬಂದ ಮರ್ಯಾದೆ, ತಾಮ್ರಶಾಸನಗಳು, ಉಂಡು ಬಂದ ಆಸ್ತಿಯ ಮುಂದುವರಿದ ಅನುಭೋಗ. ಇವನ್ನೆಲ್ಲ ಒಟ್ಟಾಗಿ ನೋಡಿದರೆ ಒಂದು ಸಂಗತಿ ಸ್ಪಷ್ಟ. ಊರಿನವರ ಭಯ ಕಳ್ಳಕಾಕರದಷ್ಟೇ ಆಗಿರಲಿಲ್ಲ, ಅಧಿಕಾರಿಗಳದೂ ಆಗಿತ್ತು. ಒಬ್ಬ ಅರಸನು ಕೊಟ್ಟುದನ್ನು ಇನ್ನೊಬ್ಬನ ಅಧಿಕಾರಿ ಕಿತ್ತುಕೊಂಡಾನೆಂಬ ಭಯ, ಮನೆ ಬಿಟ್ಟು ವ್ಯಾಪಾರಕ್ಕೆ ಹೋದವನು ಹಿಂದಿರುಗುವಷ್ಟರಲ್ಲಿ ಮನೆಯೇ ಕೈತಪ್ಪೀತೆಂಬ ಭಯ, ಊರಿನ ಹಿರಿಯರ ಸಾಕ್ಷ್ಯಕ್ಕೆ ಬೆಲೆಯಿಲ್ಲವಾದೀತೆಂಬ ಭಯ. ಅಧಿಕಾರಿಯ ಕೈಯನ್ನು ಕಟ್ಟಿಹಾಕುವ ಈ ಷರತ್ತುಗಳನ್ನು ಕಂಬದ ಮೇಲೆ, ಎಲ್ಲರೂ ಓದಬಹುದಾದ ಕನ್ನಡದಲ್ಲಿ ಬರೆಯಿಸಿದ್ದು ಆ ಕಾಲದ ಊರವರ ಜಾಣತನವೆಂದೇ ನನ್ನ ಭಾವನೆ.

ಅನಂತರ ಊರಿನ ಪಾಲಿನ ಕರ್ತವ್ಯ. ವಾಸವಿರುವ ಪ್ರತಿಯೊಂದು ಮನೆಯೂ ವರ್ಷಕ್ಕೊಮ್ಮೆ ವೈಶಾಖ ಮಾಸದಲ್ಲಿ ದೇಶಾಧಿಪತಿಗಳಿಗೆ ತೆರಿಗೆ ತೆರಬೇಕು. ಎಲ್ಲ ಮನೆಗೂ ಒಂದೇ ದರವಲ್ಲ. ಉತ್ತಮ, ಮಧ್ಯಮ, ಕನಿಷ್ಠವೆಂದು ಮನೆಯ ಅಂತಸ್ತನ್ನು ನೋಡಿ ಪಣಗಳ ಲೆಕ್ಕದಲ್ಲಿ ತೆರಿಗೆಯನ್ನು ಇಳಿಸುತ್ತ ಹೋಗಿದ್ದಾರೆ. ಉಳ್ಳವನು ಹೆಚ್ಚು, ಇಲ್ಲದವನು ಕಡಿಮೆ ಕೊಡಬೇಕೆಂಬ ತತ್ತ್ವವನ್ನು ಅರ್ಥಶಾಸ್ತ್ರದ ಹೊಸ ಸಂಶೋಧನೆಯೆಂದು ತಿಳಿದವರು ಇದನ್ನು ಅವಶ್ಯವಾಗಿ ಗಮನಿಸಬೇಕು.

ಶಾಸನದ ಅತ್ಯಂತ ಮಹತ್ವದ ಅಂಶ ಇದರ ಮುಂದಿದೆ. ಕಳವಿನ ದಂಡ, ಸಣ್ಣಪುಟ್ಟ ತಪ್ಪುಗಳ ದಂಡ, ದಶಾಪರಾಧಗಳ ದಂಡ, ಮಕ್ಕಳಿಲ್ಲದೆ ಸತ್ತವರ ಸ್ವತ್ತು, ಇವು ಕಾರ್ತಿಕ ಮಾಸದಲ್ಲಿ ಸಲ್ಲಬೇಕಾದುದು ಅಲ್ಲಿಯ ಶ್ರೇಣಿಗೆ. ಅಪುತ್ರಿಕರ ಆಸ್ತಿ ಅರಸನಿಗೆ ಸೇರಬೇಕೆಂಬುದು ಪ್ರಾಚೀನ ಭಾರತದಲ್ಲಿ ಬಹಳ ಕಡೆ ನಡೆದುಬಂದ ಪದ್ಧತಿ; ದಂಡದ ಹಣವಂತೂ ರಾಜಭಂಡಾರದ ಖಚಿತವಾದ ಆದಾಯ. ಪುಲಿಗೆರೆಯಲ್ಲಿ ಅರಸು ತನ್ನ ಪಾಲನ್ನು ಮನೆಗಳ ತೆರಿಗೆಯಲ್ಲಿ ತೆಗೆದುಕೊಂಡು, ಈ ಇನ್ನೊಂದು ಆದಾಯವನ್ನು ಊರಿನ ಸಂಘಕ್ಕೆ ಬಿಟ್ಟುಕೊಟ್ಟಿದೆ. ವೈಶಾಖದ ಹಣ ಅರಮನೆಗೆ, ಕಾರ್ತಿಕದ ಹಣ ಊರಿಗೆ. ಸ್ವಂತ ಗಂಟು ಇರುವ ಸಂಸ್ಥೆಗೆ ಸ್ವಂತ ಮಾತು ಇರುತ್ತದೆ. ಪುಲಿಗೆರೆಯ ಸಂಘಕ್ಕೆ ಆ ಎರಡೂ ಇದ್ದವು. ಮುಂದಿನ ಶತಮಾನಗಳ ಊರಾಡಳಿತದ ಏಳುಬೀಳುಗಳನ್ನು ಅಳೆಯಲು ಇದಕ್ಕಿಂತ ಸರಳವಾದ ಮಾನದಂಡ ನನಗೆ ತೋರಿಲ್ಲ.

ಹಾಗೆಂದು ಈ ವ್ಯವಸ್ಥೆಯನ್ನು ಪ್ರಜಾಪ್ರಭುತ್ವವೆಂದು ಕೊಂಡಾಡುವುದು ಸಲ್ಲದು. ಮಹಾಜನರನ್ನು ಯಾರೂ ಆರಿಸಲಿಲ್ಲ. ಹುಟ್ಟು, ವಿದ್ಯೆ, ಭೂಮಿಗಳೇ ಅವರಿಗೆ ಆ ಸ್ಥಾನ ತಂದುಕೊಟ್ಟವು. ವರ್ತಕರ ಸಂಘದಲ್ಲಿ ಸಿರಿವಂತನ ಮಾತೇ ನಡೆದಿರಬೇಕು. ಸ್ತ್ರೀಯರ ಪ್ರಸ್ತಾಪವಿಲ್ಲ. ಹದಿನೆಂಟು ಪ್ರಕೃತಿಗಳು ಒಂದೇ ಶಾಸನದಲ್ಲಿ ಒಟ್ಟಿಗೆ ನಿಂತರೂ ಒಂದೇ ಜಗಲಿಯ ಮೇಲೆ ಒಟ್ಟಿಗೆ ಕುಳಿತಿರಲಾರರು. ನಾಲ್ಕು ಶತಮಾನಗಳ ತರುವಾಯ ಕಲ್ಯಾಣದಲ್ಲಿ ಶರಣರು ಕಾಯಕದ ಹೆಸರನ್ನೇ ಗೌರವದ ಹೆಸರಾಗಿ ಧರಿಸಿ, ಕಸುಬುಗಳ ನಡುವಣ ಮೇಲುಕೀಳನ್ನು ಅಲ್ಲಗಳೆದಾಗ ಅವರ ಮುಂದಿದ್ದುದು ಇಂತಹ ಊರುಗಳ ಸಮಾಜವೇ ಎಂಬುದನ್ನು ಮರೆಯಲಾಗದು.

ಪುಲಿಗೆರೆಯೊಂದೇ ಅಪವಾದವಾಗಿರಲಿಲ್ಲ. ಅದೇ ಸೀಮೆಯ ಡಂಬಳ ಅಂದು ಧರ್ಮವೊಳಲು. ಅಲ್ಲಿಯ ಹದಿನಾರು ಮಂದಿ ಸೆಟ್ಟಿಗಳು ಬೌದ್ಧ ವಿಹಾರವನ್ನು ಕಟ್ಟಿಸಿದ ಸಂಗತಿ 1095ರ ಶಾಸನದಲ್ಲಿದೆ. ಲಕ್ಕುಂಡಿಯ ಮಹಾಜನರು ಸಾಸಿರ್ವರೆಂದು ಹೆಸರಾದವರು. ಅಲ್ಲಮಪ್ರಭುಗಳ ಜನ್ಮಸ್ಥಳವಾದ ಬಳ್ಳಿಗಾವೆಯಲ್ಲಿ ಪಟ್ಟಣಸ್ವಾಮಿಯೂ ನಖರವೂ ಇದ್ದರು. ಐಹೊಳೆಯ ಐನೂರ್ವರಂತೂ ದಕ್ಷಿಣ ಭಾರತದುದ್ದಕ್ಕೂ ಹಬ್ಬಿದವರು. ಆದರೆ ಊರಿನ ಹಕ್ಕು ಬಾಧ್ಯತೆಗಳನ್ನು ಪುಲಿಗೆರೆಯಷ್ಟು ಸ್ಪಷ್ಟವಾಗಿ, ಅಷ್ಟು ಹಿಂದೆಯೇ ಬರೆದಿಟ್ಟ ದಾಖಲೆ ಕರ್ನಾಟಕದಲ್ಲಿ ವಿರಳ.

ನಡುವಣ ಶತಮಾನಗಳನ್ನು ಇಲ್ಲಿ ದಾಟಿ ಹೋಗುತ್ತೇನೆ. ಅರಸರು ಬದಲಾದರು, ಕಂದಾಯದ ಗುತ್ತಿಗೆದಾರರು ಬಂದರು, ಊರಿನ ಸಂಘಗಳು ಕ್ರಮೇಣ ಜಾತಿಪಂಚಾಯತಿಗಳಾಗಿ ಕುಗ್ಗಿದವು. ಲಕ್ಷ್ಮೇಶ್ವರ ಕೊನೆಗೆ ಮಿರಜ ಸಂಸ್ಥಾನದ ತಾಲ್ಲೂಕಾಯಿತು.

ಸುತ್ತಣ ಧಾರವಾಡ ಸೀಮೆಯಲ್ಲಿ ಕುಂಪಣಿ ಸರಕಾರ ಇನ್ನೊಂದು ಬಗೆಯ ಊರಾಡಳಿತವನ್ನು ತಂದಿತು. 1850ರ 26ನೆಯ ಕಾಯದೆಯಂತೆ ಊರಿನ ನಿವಾಸಿಗಳು ಬಯಸಿದರೆ ಅಲ್ಲಿ ನಗರಸಮಿತಿಯನ್ನು ಏರ್ಪಡಿಸಬಹುದಾಗಿತ್ತು. ಮುಂಬಯಿ ಪ್ರಾಂತದಲ್ಲಿ ಈ ಕಾಯದೆ ಬೇಗನೆ ಹರಡಿತು. ಕಾರಣವೂ ಉಂಟು: ಮನೆಯ ಮೇಲೆ ನೇರ ತೆರಿಗೆ ಹಾಕದೆ, ಊರಿಗೆ ಬರುವ ಸರಕಿನ ಮೇಲೆ ಸುಂಕ ವಸೂಲು ಮಾಡಿ ಖರ್ಚು ತೂಗಿಸಲು ಅದು ಅವಕಾಶ ಕೊಟ್ಟಿತ್ತು. ಹುಬ್ಬಳ್ಳಿಯಲ್ಲಿ 1855ರಲ್ಲಿ, ಧಾರವಾಡದಲ್ಲಿ 1856ರಲ್ಲಿ ಮುನಿಸಿಪಾಲಿಟಿಗಳು ಹುಟ್ಟಿದವು. ಬೆಂಗಳೂರಿನಲ್ಲಿ ಅದೇ ಕಾಯದೆಯಡಿ ಸಮಿತಿ ಏರ್ಪಟ್ಟುದು 1862ರಲ್ಲಿ. ಸಮಿತಿಯೆಂದರೂ ಕಲೆಕ್ಟರ ಸಾಹೇಬರ ಅಧ್ಯಕ್ಷತೆ, ಅವರು ನೇಮಿಸಿದ ನಾಲ್ಕಾರು ಗಣ್ಯರು. ಅವರು ಹೂಂಗುಟ್ಟಿದ್ದೇ ಠರಾವು. 1869ರಲ್ಲಿ ಮುಂಬಯಿ ಪ್ರಾಂತದ ಲೋಕಲ್ ಫಂಡ್ ಕಾಯದೆ ಬಂದು, ಕಂದಾಯದ ಪ್ರತಿ ರೂಪಾಯಿಗೆ ಒಂದು ಆಣೆಯಂತೆ ರಸ್ತೆಗಳಿಗೂ ಶಾಲೆಗಳಿಗೂ ವಸೂಲಾಯಿತು. 1870ರಲ್ಲಿ ಲಾರ್ಡ್ ಮೇಯೊ ಹಣಕಾಸಿನ ವಿಕೇಂದ್ರೀಕರಣವನ್ನು ಸಾರಿದ. 1857ರ ಹೋರಾಟದ ಬಳಿಕ ಬರಿದಾಗಿದ್ದ ಖಜಾನೆಯ ಭಾರವನ್ನು ಕೆಳಗಿನವರ ತಲೆಗೆ ದಾಟಿಸುವುದು ಇದರ ಒಳ ಉದ್ದೇಶವೆಂದು ಇತಿಹಾಸಕಾರರು ಹೇಳುವುದರಲ್ಲಿ ಹುರುಳಿದೆ.

1882ರ ಮೇ 18ರಂದು ರಿಪನ್ ಹೊರಡಿಸಿದ ನಿರ್ಣಯ ಮಾತ್ರ ಬೇರೆ ಮನಸ್ಸಿನದು. ಆಡಳಿತದ ಚೊಕ್ಕತನಕ್ಕಿಂತ ಜನರ ರಾಜಕೀಯ ಶಿಕ್ಷಣವೇ ಈ ಸಂಸ್ಥೆಗಳ ಗುರಿಯೆಂದು ಅದು ಹೇಳಿತು. ಅಧಿಕಾರಿಗಳಲ್ಲದ ಸದಸ್ಯರೇ ಬಹುಮತದಲ್ಲಿರಬೇಕು, ಸಾಧ್ಯವಿದ್ದೆಡೆ ಅಧ್ಯಕ್ಷರೂ ಅಧಿಕಾರಿಗಳಾಗಿರಬಾರದು ಎಂದಿತು. ಇದರ ಫಲವಾಗಿ ಮುಂಬಯಿ ಪ್ರಾಂತದಲ್ಲಿ 1884ರಲ್ಲಿ ಲೋಕಲ್ ಬೋರ್ಡ್ ಕಾಯದೆಯೂ ಜಿಲ್ಲಾ ಮುನಿಸಿಪಲ್ ಕಾಯದೆಯೂ ಬಂದವು. ರಿಪನ್ ಮಹಾಶಯನಿಗೆ ನಾವು ಕೃತಜ್ಞರಾಗಿರುವುದು ಯೋಗ್ಯವೇ. ಆದರೂ ಒಂದು ವ್ಯತ್ಯಾಸವನ್ನು ಗಮನಿಸಿ: ಪುಲಿಗೆರೆಯ ವ್ಯವಸ್ಥೆಯಲ್ಲಿ ಮೊದಲು ಬಂಧಿತನಾದವನು ಅರಸು; ಈ ಕಾಯದೆಗಳಲ್ಲಿ ಮೊದಲು ಬಂಧಿತವಾದುದು ಊರು. ಸಮಿತಿಯನ್ನು ವಿಸರ್ಜಿಸುವ, ಠರಾವನ್ನು ತಡೆಹಿಡಿಯುವ ಅಧಿಕಾರ ಸರಕಾರದ ಕೈಯಲ್ಲಿಯೇ ಉಳಿಯಿತು. ಸ್ವಾತಂತ್ರ್ಯಾನಂತರ ಬಂದ 1964ರ ನಮ್ಮ ಪುರಸಭೆಗಳ ಕಾಯದೆಯೂ ಆ ಪರಂಪರೆಯಿಂದ ಬಿಡಿಸಿಕೊಳ್ಳಲಿಲ್ಲ.

ಗಂಟಿನ ಮಾತಿಗೆ ಮರಳೋಣ. ಊರ ಬಾಗಿಲಿನ ಜಕಾತಿ ನಾಕಾಗಳನ್ನು ಕಂಡ ಹಿರಿಯರು ನಮ್ಮ ವಾಚಕರಲ್ಲಿ ಇನ್ನೂ ಇದ್ದಾರೆ. ಗಾಡಿಗಳು ಸಾಲುಗಟ್ಟಿ ನಿಲ್ಲುತ್ತಿದ್ದವು, ಕಾರಕೂನರೊಡನೆ ವಾಗ್ವಾದ ನಡೆಯುತ್ತಿತ್ತು, ಲಂಚದ ಮಾತೂ ಕೇಳಿಬರುತ್ತಿತ್ತು. ವ್ಯಾಪಾರಕ್ಕೆ ಅದು ಕಂಟಕವೆಂಬುದು ನಿಜ. 1979ರಲ್ಲಿ ಕರ್ನಾಟಕ ಸರಕಾರ ಜಕಾತಿಯನ್ನು ರದ್ದುಗೊಳಿಸಿತು. ಆ ವರ್ಷವೇ ಸರಕುಗಳ ಪ್ರವೇಶ ತೆರಿಗೆಯನ್ನು ರಾಜ್ಯವೇ ವಿಧಿಸಿ, ಊರುಗಳಿಗೆ ಪರಿಹಾರವನ್ನು ಅನುದಾನದ ರೂಪದಲ್ಲಿ ಕೊಡತೊಡಗಿತು. ಆ ಪ್ರವೇಶ ತೆರಿಗೆಯೂ 2017ರಲ್ಲಿ ಸರಕು ಮತ್ತು ಸೇವಾ ತೆರಿಗೆಯೊಳಗೆ ಲೀನವಾಯಿತು. ಲಾರಿಗಳು ತಡೆಯಿಲ್ಲದೆ ಓಡಿದವು. ಆದರೆ ಮುನಿಸಿಪಾಲಿಟಿಯ ಅಧ್ಯಕ್ಷರು ತಮ್ಮ ಊರಿನ ಪೇಟೆಯತ್ತ ನೋಡುವುದನ್ನು ಬಿಟ್ಟು ಬೆಂಗಳೂರಿನತ್ತ ನೋಡಲಾರಂಭಿಸಿದರು. ಪೇಟೆ ಬೆಳೆದರೆ ಊರಿನ ಬೊಕ್ಕಸ ಬೆಳೆಯುತ್ತಿದ್ದ ಕೊಂಡಿ ಕಳಚಿತು. ಕಾರ್ತಿಕದ ಹಣವೂ ಅರಮನೆಗೇ ಹೋಗಿ, ಅಲ್ಲಿಂದ ಕೃಪೆಯ ರೂಪದಲ್ಲಿ ಹಿಂದಿರುಗುವ ಪದ್ಧತಿ ಇದು ಎಂದರೆ ಕಟುವಾದೀತೇನೋ, ಅಸತ್ಯವಾಗದು.

ಸಂವಿಧಾನದ 74ನೆಯ ತಿದ್ದುಪಡಿ 1993ರ ಜೂನ್ 1ರಂದು ಜಾರಿಗೆ ಬಂದು ಪರಿಸ್ಥಿತಿಯನ್ನು ಕೆಲಮಟ್ಟಿಗೆ ಸುಧಾರಿಸಿತು. ಹಳ್ಳಿತನದಿಂದ ಪಟ್ಟಣತನಕ್ಕೆ ಸಾಗುತ್ತಿರುವ ಪ್ರದೇಶಕ್ಕೇ ಒಂದು ಪ್ರತ್ಯೇಕ ಸಂಸ್ಥೆಯನ್ನು ಸಂವಿಧಾನ ಗುರುತಿಸಿದ್ದು ಅದೇ ಮೊದಲು. ನಮ್ಮ ರಾಜ್ಯದಲ್ಲಿ ಅದು ಪಟ್ಟಣ ಪಂಚಾಯತಿ. ಜನಸಂಖ್ಯೆ ಹತ್ತರಿಂದ ಇಪ್ಪತ್ತು ಸಾವಿರವಿದ್ದರೆ ಪಟ್ಟಣ ಪಂಚಾಯತಿ, ಇಪ್ಪತ್ತರಿಂದ ಐವತ್ತು ಸಾವಿರವಿದ್ದರೆ ಪುರಸಭೆ, ಅದಕ್ಕೂ ಮೇಲ್ಪಟ್ಟು ಮೂರು ಲಕ್ಷದವರೆಗೆ ನಗರಸಭೆ. ಸ್ತ್ರೀಯರಿಗೆ ಮೂರನೆಯ ಒಂದು ಭಾಗಕ್ಕೆ ಕಡಿಮೆಯಿಲ್ಲದಂತೆ ಸ್ಥಾನಗಳು, ಪರಿಶಿಷ್ಟರಿಗೆ ಜನಸಂಖ್ಯೆಗನುಗುಣವಾದ ಸ್ಥಾನಗಳು ಕಡ್ಡಾಯವಾದವು. ಪುಲಿಗೆರೆಯ ಕಂಬದಲ್ಲಿ ಹೆಸರಿಲ್ಲದವರು ಈಗ ಅಧ್ಯಕ್ಷರ ಕುರ್ಚಿಯಲ್ಲಿ ಕುಳಿತರು. ಇದನ್ನು ಎಷ್ಟು ಹೇಳಿದರೂ ಕಡಿಮೆ. ಸಂಸ್ಥೆಗಳಿಗೆ ವಹಿಸಬಹುದಾದ ಕಾರ್ಯಗಳನ್ನು ಹೇಳುವ ಹನ್ನೆರಡನೆಯ ಅನುಸೂಚಿಯಲ್ಲಿ ಇರುವ ವಿಷಯಗಳು ಹದಿನೆಂಟು! ಹದಿನೆಂಟು ಪ್ರಕೃತಿಗಳಿಗೆ ಹದಿನೆಂಟು ಕಾರ್ಯಗಳೆಂದು ಯಾರೂ ಲೆಕ್ಕ ಹಾಕಿ ಬರೆದುದಲ್ಲ. ಆದರೂ ಓದುವಾಗ ಒಂದು ಸಂತೋಷ.

‘ವಹಿಸಬಹುದು’ ಎಂಬ ಶಬ್ದದಲ್ಲಿಯೇ ತೊಡಕೂ ಇದೆ. ವಹಿಸಲೇಬೇಕೆಂದು ಹೇಳಿಲ್ಲ. ಕುಡಿಯುವ ನೀರಿನ ದೊಡ್ಡ ಯೋಜನೆ ಬೇರೊಂದು ಮಂಡಳಿಯ ಕೈಯಲ್ಲಿ, ಊರಿನ ಮುಖ್ಯಾಧಿಕಾರಿಯ ವರ್ಗಾವಣೆ ರಾಜಧಾನಿಯ ಕೈಯಲ್ಲಿ. ಅವಧಿಯ ವಿಷಯದಲ್ಲಿ ಮಾತ್ರ ಸಂವಿಧಾನ ಖಂಡಿತವಾಗಿ ಮಾತನಾಡಿದೆ: ಐದು ವರ್ಷ ಮುಗಿಯುವ ಮೊದಲೇ ಮುಂದಿನ ಚುನಾವಣೆ ಆಗಬೇಕು. 2006ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅಹಮದಾಬಾದಿನ ಪ್ರಕರಣದಲ್ಲಿ ಇದನ್ನೇ ಒತ್ತಿ ಹೇಳಿತು. ಹಾಗಿದ್ದೂ ನಮ್ಮಲ್ಲಿ ನಡೆದುದೇನು? 2018ರ ಆಗಸ್ಟಿನಲ್ಲಿ ರಾಜ್ಯದ ನೂರಕ್ಕೂ ಮಿಕ್ಕಿದ ಊರುಗಳಲ್ಲಿ ಚುನಾವಣೆ ನಡೆದು ಸದಸ್ಯರು ಆರಿಸಿ ಬಂದರು. ಅಧ್ಯಕ್ಷ, ಉಪಾಧ್ಯಕ್ಷ ಸ್ಥಾನಗಳ ಮೀಸಲಾತಿಯ ಕುರಿತು ವ್ಯಾಜ್ಯವೆದ್ದು, 2020ರವರೆಗೆ ಅವರು ಅಧಿಕಾರ ವಹಿಸಿಕೊಳ್ಳಲಾಗಲಿಲ್ಲ. ಜನ ಆರಿಸಿದ ಸದಸ್ಯರು ಮನೆಯಲ್ಲಿ, ಆರಿಸದ ಆಡಳಿತಾಧಿಕಾರಿ ಕಚೇರಿಯಲ್ಲಿ! ಇದರಲ್ಲಿ ಯಾವ ಪಕ್ಷದ ತಪ್ಪು ಹೆಚ್ಚೆಂಬ ಚರ್ಚೆಗೆ ಈ ಪತ್ರಿಕೆ ತಕ್ಕ ಸ್ಥಳವಲ್ಲ. ಎರಡು ವರ್ಷ ಊರಿಗೆ ಬಾಯಿಲ್ಲದಂತಾದರೂ ಊರವರಲ್ಲಿ ಬಹುಮಂದಿಗೆ ಅದು ಗೊತ್ತೇ ಆಗಲಿಲ್ಲವೆಂಬುದು ನನ್ನನ್ನು ಕಾಡುವ ಸಂಗತಿ.

ಊರು ಮತ್ತು ಸೀಮೆಯ ಸಂಬಂಧದ ಬಗೆಗೂ ಒಂದು ಮಾತು ಹೇಳಬೇಕು. ಪುಲಿಗೆರೆಯನ್ನು ಪುಲಿಗೆರೆ ಮುನ್ನೂರರಿಂದ ಬೇರ್ಪಡಿಸಿ ಯಾರೂ ಯೋಚಿಸಿರಲಿಲ್ಲ. ಊರಿನ ಎಣ್ಣೆಗಾಣಕ್ಕೆ ಎಳ್ಳು ಬರಬೇಕಾದುದು ಸುತ್ತಣ ಹೊಲದಿಂದಲೇ. ನಾವು ಊರಿಗೊಂದು ಕಾಯದೆ, ಹಳ್ಳಿಗೊಂದು ಕಾಯದೆ ಮಾಡಿಕೊಂಡೆವು. ಅಬ್ದುಲ್ ನಜೀರ್ ಸಾಬರ ಶ್ರಮದಿಂದ 1983ರ ಕಾಯದೆ ಮಂಡಲ ಪಂಚಾಯತಿಗಳನ್ನು ತಂದಿತು. 1987ರ ಜನವರಿಯ ಚುನಾವಣೆಯಲ್ಲಿ ನಾಲ್ಕನೆಯ ಒಂದು ಭಾಗ ಸ್ಥಾನಗಳನ್ನು ಸ್ತ್ರೀಯರಿಗೆ ಮೀಸಲಿಟ್ಟು, ಹಲವು ಹಳ್ಳಿಗಳ ಒಂದು ಕಿರುಸೀಮೆಗೆ ಒಂದೇ ಆಡಳಿತವನ್ನು ಅದು ಕೊಟ್ಟಿತು. ಒಂದು ಅವಧಿಗೇ ಅದು ಮುಗಿದುದು ದುರ್ದೈವ. ಪಟ್ಟಣ, ಹಳ್ಳಿಗಳ ಯೋಜನೆಗಳನ್ನು ಒಂದುಗೂಡಿಸಲು ಜಿಲ್ಲಾ ಯೋಜನಾ ಸಮಿತಿಯನ್ನು 74ನೆಯ ತಿದ್ದುಪಡಿ ವಿಧಿಸಿದೆ. ಅದರ ಐದನೆಯ ನಾಲ್ಕು ಭಾಗ ಸದಸ್ಯರನ್ನು ಚುನಾಯಿತರೇ ತಮ್ಮೊಳಗಿಂದ ಆರಿಸಬೇಕು. ವಾಚಕರೇ, ನಿಮ್ಮ ಜಿಲ್ಲೆಯ ಸಮಿತಿ ಈಚೆಗೆ ಯಾವಾಗ ಸೇರಿತ್ತು, ಏನು ತೀರ್ಮಾನಿಸಿತೆಂದು ನಿಮ್ಮ ವಾರ್ಡಿನ ಸದಸ್ಯರನ್ನೊಮ್ಮೆ ಕೇಳಿ ನೋಡಿ.

ಲಕ್ಷ್ಮೇಶ್ವರ 1948ರಲ್ಲಿ ಮಿರಜ ಸಂಸ್ಥಾನದೊಡನೆ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು, 1956ರಲ್ಲಿ ಕನ್ನಡ ರಾಜ್ಯಕ್ಕೆ ಸೇರಿತು, 1997ರಿಂದ ಗದಗ ಜಿಲ್ಲೆಯಲ್ಲಿದೆ. ಈಚೆಗೆ ಶಿರಹಟ್ಟಿಯಿಂದ ಬೇರೆಯಾಗಿ ತಾನೇ ತಾಲ್ಲೂಕು ಕೇಂದ್ರವಾಗಿದೆ. 2011ರ ಜನಗಣತಿಯ ವೇಳೆಗೆ ಮೂವತ್ತೈದು ಸಾವಿರವನ್ನು ಮೀರಿದ್ದ ಊರು, ಪುರಸಭೆಯ ಊರು. ಅಲ್ಲಿಯ ಮನೆಗಳ ತೆರಿಗೆ ಈಗ ಪುರಸಭೆಗೇ ಸಲ್ಲುತ್ತದೆ. ಮನೆಯೊಡೆಯರೇ ತಮ್ಮ ಆಸ್ತಿಯ ಲೆಕ್ಕ ಬರೆದು ತೆರಿಗೆ ತುಂಬುವ ಪದ್ಧತಿ ಈ ಶತಮಾನದ ಆರಂಭದಿಂದ ಜಾರಿಯಲ್ಲಿದೆ. ಆರ್ಥಿಕ ವರ್ಷದ ಮೊದಲ ತಿಂಗಳಾದ ಏಪ್ರಿಲ್‌ನಲ್ಲಿಯೇ ತುಂಬಿದವರಿಗೆ ನೂರಕ್ಕೆ ಐದರ ರಿಯಾಯಿತಿಯನ್ನು ಕಾಯದೆ ಕೊಟ್ಟಿದೆ. ವೈಶಾಖ ಮಾಸ ಬರುವುದೂ ಹೆಚ್ಚುಕಡಿಮೆ ಆ ದಿನಗಳಲ್ಲಿಯೇ.